ಮಣೆಯ ಮೇಲಿನ ಮೀನು

ವಾರಿಜಾ ಮೀನಿನ ಹೊಟ್ಟೆ ಸೀಳಿ ಕೈ ಒಳಗೆ ಹಾಕಿದ್ದಳು. ಆಚೆ ಹಾಲ್‌ನಲ್ಲಿ ಸಚಿಕೊ ಮೇಡಂ ಫೋನಿನಲ್ಲಿ ಜಪಾನಿಯಲ್ಲಿ ಮಾತಾಡುತ್ತಿದ್ದರು. ನಡುವೆ ಇವಳ ಹೆಸರು ಬಂತು. ಆಮೇಲೆ ಮೇಡಂ ಪರಿಚಯದ ನೊಗುಚಿಯವರ ಹೆಸರು. ಆಮೇಲೆ ಒಂದು ಸಣ್ಣ ನಗು, ಅದರ ಬೆನ್ನಿಗೇ ಮೂರು ಶಬ್ದ: "ಮನಾಯ್ತ ನೊ ಕೊಯಿ."

ವಾರಿಜಾಳಿಗೆ ಜಪಾನಿ ಬಾರದು. ಬರುವುದು ಮೀನಿನ ಮಾತು ಮಾತ್ರ. ಮಲ್ಪೆಯ ಮೀನುಗಾರ ಮೊಗವೀರರ ಮನೆಯವಳು ಅವಳು. ಕುವೈತಿನ ಸಾಲ್ಮಿಯಾದ ಈ ಫ್ಲ್ಯಾಟಿಗೆ ಅಡುಗೆಗೆ ಬಂದ ಮೊದಲ ವಾರವೇ ಮೇಡಂ ಒಂದು ಮೀನು ಎತ್ತಿ ತೋರಿಸಿ "ಸಬಾ" ಎಂದಿದ್ದರು, ಇವಳು "ಬಂಗುಡೆ" ಎಂದಿದ್ದಳು. ಅಂದಿನಿಂದ ಆರು ವರ್ಷ ಇಬ್ಬರೂ ಮುರುಕು ಇಂಗ್ಲಿಷಿನಲ್ಲಿ ಮೀನಿನ ಮಾತು ಕೊಟ್ಟು ತೆಗೆದುಕೊಂಡೇ ಬಂದರು. ಲೆಕ್ಕ ತಪ್ಪಿಸಿ ಹೇಳುವುದಕ್ಕೆ ಅವರಲ್ಲಿ ಬಂಗುಡೆ ಎಣಿಸುವುದು ಎನ್ನುತ್ತಾರಂತೆ. ಮಲ್ಪೆ ಬಂದರಿನಲ್ಲಿ ಬುಟ್ಟಿಯ ಲೆಕ್ಕ ಹೇಗೆ ನಡೆಯುತ್ತದೆಂದು ಕಂಡಿದ್ದ ವಾರಿಜಾ ಅದನ್ನು ಕೇಳಿ ಬಿದ್ದುಬಿದ್ದು ನಕ್ಕಿದ್ದಳು. ಮೇಡಂ ಅತಿಥಿಗಳೆದುರು ತಮ್ಮ ವಯಸ್ಸು ನಲವತ್ತು ಎಂದಾಗಲೆಲ್ಲ ಇವಳು ಅಡುಗೆಮನೆಯಿಂದ "ಸಬಾ, ಸಬಾ" ಎಂದು ಕೆಮ್ಮುವುದಿತ್ತು.

ಮನಾಯ್ತ ಎಂದರೆ ಮೀನು ಕೊಯ್ಯುವ ಮಣೆ, ಕೊಯಿ ಎಂದರೆ ಕೆರೆಯ ಮೀನು. ಆ ಮಾತು ಕಲಿತದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ದವಡೆ ಹಲ್ಲು ಕೀಳಿಸಲು ಅಂಗಾತ ಮಲಗಿದ್ದ ಇವಳ ಕೈ ಹಿಡಿದುಕೊಂಡು ಮೇಡಂ ಹೇಳಿದ್ದರು: ಮಣೆಯ ಮೇಲೆ ಇಟ್ಟ ಕೊಯಿ ಒದ್ದಾಡುವುದಿಲ್ಲ, ಏನು ಮಾಡಿದರೂ ಸುಮ್ಮನಿರುತ್ತದೆ, ಈಗ ನೀನು ಹಾಗೆ. ಆ ದಿನ ಇಬ್ಬರಿಗೂ ನಗು ಬಂದಿತ್ತು.

ಈಗ ಅವಳಿಗೆ ಕಳೆದ ವಾರದ ಸಂಗತಿಯೂ ಬೇರೆಯಾಗಿ ಕಂಡಿತು. ಹೊಸದಾಗಿ ಕುವೈತಿಗೆ ಬಂದು, ಈ ಮನೆಯ ಫ್ರಿಜ್ಜು ಸೋಫಾ ಕೊಳ್ಳಲಿದ್ದ ನೊಗುಚಿಯವರ ಹೆಂಡತಿ ಊಟಕ್ಕೆ ಬಂದವಳು ಇವಳ ಕೋಣೆಗೂ ಇಣುಕಿ ಮಂಚ ಅಳೆದು ನೋಡಿದ್ದಳು.

ಕಿಟಕಿಯ ಬಳಿ ಇಟ್ಟಿದ್ದ ಫೋನ್ ಹೊಡೆದುಕೊಂಡಿತು. ಕಾರ್ಮೆಲ್. ಊರ ಕಡೆಯ ಗೆಳತಿ, ಇಲ್ಲಿನ ಜಪಾನಿ ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿದ್ದವಳು. ಇವಳು ಮಾಡಿದ ಬಂಗುಡೆಯನ್ನು ಅಲ್ಲಿನ ಶೆಫ್‌ಗೆ ತಿನ್ನಿಸಿ, ಅಲ್ಲಿನ ಅಡುಗೆಮನೆಯಲ್ಲಿ ಇವಳಿಗೆ ಕೆಲಸ ಗಟ್ಟಿ ಮಾಡಿಸಿದವಳೂ ಅವಳೇ. ವಾರಕ್ಕೊಂದು ರಜೆ, ಅಬ್ಬಾಸಿಯಾದಲ್ಲಿ ಕಾರ್ಮೆಲ್ ಜೊತೆ ಕೋಣೆ. ವಾರಿಜಾಳ ಇಕಾಮಾ, ಇಲ್ಲಿ ಇದ್ದು ದುಡಿಯುವ ಪರವಾನಗಿ, ಇದ್ದದ್ದು ಮೇಡಂ ಗಂಡನ ಹೆಸರಿನಲ್ಲಿ. ಗಂಡ ಹೆಂಡತಿ ಶನಿವಾರ ಜಪಾನಿಗೆ ಮರಳುವವರು, ಅಷ್ಟರೊಳಗೆ ಅವರು ಇವಳನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದರೆ ಸಾಕು. ಹಾಕಿಸುತ್ತೇನೆಂದು ಮೇಡಂ ಎರಡು ಕೈಯಲ್ಲಿ ಇವಳ ಕೈ ಹಿಡಿದು ಮಾತು ಕೊಟ್ಟಿದ್ದರು.

"ವಾರಿಜಕ್ಕ, ಪೇಪರ್ ಆಯ್ತಾ? ಶೆಫ್ ನಾಳೆವರೆಗೆ ಮಾತ್ರ ಕಾಯ್ತಾರಂತೆ."

"ಒಂದು ನಿಮಿಷ ಇರು ಮಾರಾಯ್ತಿ. ಮತ್ತೆ ಮಾಡ್ತೇನೆ."

ಕೈ ಒರೆಸಿಕೊಂಡು ಹಾಲಿಗೆ ಹೋದಳು. "ಮೇಡಂ, ರಿಲೀಸ್ ಪೇಪರ್?"

ಮೇಡಂ ಹೂದಾನಿಯನ್ನು ಅತ್ತಿಂದಿತ್ತ ಸರಿಸಿದರು. "ವಾರಿಜಾ-ಸಾನ್, ನೊಗುಚಿಯವರದ್ದು ಒಳ್ಳೆಯ ಮನೆ. ನಿನ್ನ ಹಾಗೆ ಅಡುಗೆ ಮಾಡುವವರು ಅವರಿಗೆ ಎಲ್ಲಿ ಸಿಗಬೇಕು? ಇಕಾಮಾ ಅವರ ಹೆಸರಿಗೆ ಬದಲಾಗಿದೆ. ಹೋಟೆಲ್ ಮುಂದಿನ ವರ್ಷ ನೋಡೋಣ. ಒಂದೇ ವರ್ಷ."

ಬಂಗುಡೆ ಎಣಿಸುತ್ತಿದ್ದಾರೆ, ಎಂದುಕೊಂಡಳು ವಾರಿಜಾ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆರು ವರ್ಷ ಸ್ನೇಹವೆಂದು ತಿಳಿದಿದ್ದಳು. ಅಂಥವರೇ ಕೇಳದೆ, ಹೇಳದೆ, ಮನೆಯ ಫ್ರಿಜ್ಜು ಸೋಫಾ ದಾಟಿಸಿದಂತೆ ತನ್ನನ್ನೂ ದಾಟಿಸಿಬಿಟ್ಟರಲ್ಲ. ಅಡುಗೆಮನೆಗೆ ಬಂದು ಫೋನ್ ಎತ್ತಿಕೊಂಡಳು.

"ಖಲಾಸ್ ಕಾರ್ಮೆಲ್. ಶೆಫ್‌ಗೆ ಬೇರೆಯವರನ್ನ ನೋಡ್ಲಿಕ್ಕೆ ಹೇಳು."

"ಎಂತ ಆಯ್ತು ಅಕ್ಕ?"

"ಎಂತ ಇಲ್ಲ. ಮೀನು ಮಾಡ್ತಾ ಇದ್ದೇನೆ."

ಮೀನು ಮಣೆಯ ಮೇಲೆಯೇ ಇತ್ತು. ಶರ್ಕ್ ಮಾರುಕಟ್ಟೆಯಿಂದ ಬೆಳಿಗ್ಗೆ ತಾನೇ ಆರಿಸಿ ತಂದದ್ದು. ಇಲ್ಲಿಯವರು ಶೀಮ್ ಎನ್ನುವ ಅದು ಮೇಡಂ ಪಾಲಿಗೆ 'ತಾಯ್', ಶುಭದ ಮೀನು. ತಲೆಯಿಂದ ಬಾಲದವರೆಗೆ ಇಡಿಯಾಗಿ ಸುಟ್ಟು ಬಡಿಸಬೇಕು. ಮೊದಲ ವರ್ಷ ತಿಳಿಯದೆ ತಲೆ ತೆಗೆಯಹೊರಟಾಗ ಮೇಡಂ ಓಡಿಬಂದು ಕೈ ಹಿಡಿದಿದ್ದರು. ಇಂದು ಅವರ ಬೀಳ್ಕೊಡುಗೆ ಊಟ, ನೊಗುಚಿ ದಂಪತಿಗಳೂ ಬರುವವರಿದ್ದರು.

ವಾರಿಜಾ ದೊಡ್ಡ ಕತ್ತಿ ತೆಗೆದು ಒಂದೇ ಏಟಿಗೆ ತಲೆ ಬೇರೆ ಮಾಡಿದಳು.

ಮಧ್ಯಾಹ್ನ ನೀಲಿ ತಟ್ಟೆಯನ್ನು ಮೇಜಿನ ನಡುವೆ ಇಟ್ಟು ಒಳಗೆ ಬಂದಾಗ ಹಾಲಿನ ಮಾತೆಲ್ಲ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಮೇಡಂ ಬಾಗಿಲಲ್ಲಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ತಲೆ ಎಲ್ಲಿ?"

ವಾರಿಜಾ ಪಾತ್ರೆಯ ಮುಚ್ಚಳ ತೆಗೆದಳು. ಮೆಣಸು ಹುಳಿಯ ಕೆಂಪು ಪುಳಿಮುಂಚಿಯಲ್ಲಿ ತಲೆ ಕುದಿಯುತ್ತಿತ್ತು.

"ತಾಯ್ ಒಳ್ಳೆಯ ಮೀನು ಮೇಡಂ. ಕೊಯಿ ಅಲ್ಲ."

ಮೇಡಂ ಬಹಳ ಸಣ್ಣ ದನಿಯಲ್ಲಿ ಕೇಳಿದರು. "ಫೋನಿನ ಮಾತು ನಿನಗೆ ತಿಳಿಯಿತೇ?"

"ನೀವೇ ಕಲಿಸಿದ್ದಲ್ಲವಾ?"

ವಾರಿಜಾ ಗ್ಯಾಸ್ ಆರಿಸಿದಳು. ಎಂದೂ ಕೂರದ ಅಡುಗೆಮನೆಯ ಕುರ್ಚಿ ಎಳೆದು ಕುಳಿತು, ತಟ್ಟೆಗೆ ಅನ್ನ ಹಾಕಿಕೊಂಡು, ಮೀನಿನ ಕೆನ್ನೆಯ ಮೃದುವಾದ ಮಾಂಸವನ್ನು ಬೆರಳಿನಿಂದ ಬಿಡಿಸತೊಡಗಿದಳು. ಹಾಲಿನಲ್ಲಿ ಯಾರೂ ಚಾಪ್‌ಸ್ಟಿಕ್ ಮುಟ್ಟಿರಲಿಲ್ಲ.