ಹಸಿಗೋಡೆ, ಹುಸಿಗೋಡೆ

ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಆ ಹಿರಿಯರನ್ನು ಜೊತೆಯವರು ಬೆನ್ನ ಹಿಂದೆ ‘ಕರಡಿ’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಅವರು ಸಿಟ್ಟಾಗಲಿಲ್ಲ. ‘ಕರಡಿಗ’ ಎಂಬುದು ಶುದ್ಧರೂಪವೆಂದು ತಿದ್ದಿದರು. ಅಂದಿನಿಂದ ಅವರು ಕರಡಿಗರಾದರು. ಅಕ್ಷರವೆಂದರೆ ನಾಶವಿಲ್ಲದ್ದು, ಆದುದರಿಂದ ಅದು ದೇವರೇ ಎಂದು ನಂಬಿದ್ದ ಜೀವ. ತಪ್ಪಕ್ಷರ ಕಂಡರೆ ಕಣ್ಣಲ್ಲಿ ಕಸ ಬಿದ್ದವರಂತೆ ಒದ್ದಾಡುತ್ತಿತ್ತು.

ಈಗ ಅವರಿಗೊಂದು ಮನೆ ತುರ್ತಾಗಿ ಬೇಕಾಗಿತ್ತು. ಬಾಡಿಗೆಯ ಮೂರನೆಯ ಮಹಡಿಯನ್ನು ಹತ್ತಿಳಿದು ಹೆಂಡತಿಯ ಮಂಡಿಗಳು ಮುಷ್ಕರ ಹೂಡಿದ್ದವು. ಊರೆಲ್ಲ ಅಲೆದ ಮೇಲೆ ಒಂದೇ ಒಂದು ಮೆಟ್ಟಿಲಿನ ಮನೆ ಸಿಕ್ಕಿತ್ತು. ಭಾನುವಾರ ಬೆಳಗ್ಗೆ ಕರಾರಿಗೆ ಸಹಿಯಾಗದಿದ್ದರೆ ಬೇರೆಯವರಿಗೆ ಕೊಡುವೆನೆಂದು ಮಾರುವವನು ಹೇಳಿದ್ದ.

“ಮಡಕೆ ಕೊಳ್ಳೋವಾಗ್ಲೂ ತಟ್ಟಿ ನೋಡ್ತಾರೆ. ಇದು ಮನೆ ಕಣ್ರೀ,” ಎಂದು ಹೆಂಡತಿ ಹಟ ಹಿಡಿದು, ಕಟ್ಟಡ ಪರೀಕ್ಷಿಸುವ ಇಂಜಿನಿಯರ್ ಒಬ್ಬಳನ್ನು ಗೊತ್ತುಮಾಡಿದರು. ಆಕೆ ದಿನವೆಲ್ಲ ಗೋಡೆ ತಟ್ಟಿ, ಏಣಿ ಹತ್ತಿ, ಚರಂಡಿಗೆ ಬಗ್ಗಿ, ಒಂಬತ್ತು ಪುಟದ ವರದಿಯನ್ನು ಕೈಯಾರೆ ಬರೆದುಕೊಟ್ಟಳು.

ಕರಡಿಗರು ಅದನ್ನು ಕೆಂಪು ಲೇಖನಿ ಹಿಡಿದು ಓದಲು ಕುಳಿತರು. ಅನಾಹುತ ಮೊದಲಾದದ್ದು ಅಲ್ಲಿಯೇ. ‘ವಿಧ್ಯುತ್ ತಂತಿ ಹೊದಿಕೆಯಿಲ್ಲದೆ ನೇತಾಡುತ್ತಿದೆ’ ಎಂಬಲ್ಲಿ ಮಹಾಪ್ರಾಣವನ್ನು ತೆಗೆದರು. ಪ್ರಾಣ ತೆಗೆಯಬಲ್ಲ ತಂತಿ ತನ್ನ ಪಾಡಿಗೆ ನೇತಾಡಿಕೊಂಡೇ ಉಳಿಯಿತು.

ಭಾನುವಾರ ಆ ಮನೆಯ ನಡುಕೋಣೆಯಲ್ಲಿ ಮಾರುವವನು ಕರಾರುಪತ್ರವನ್ನು ಬಿಡಿಸಿಟ್ಟ.

“ವರದಿಯಲ್ಲಿ ನಲವತ್ಮೂರು ದೋಷ ಸಿಕ್ಕಿತು,” ಎಂದರು ಕರಡಿಗರು.

ಅವನ ಮುಖ ಸುಣ್ಣವಾಯಿತು. “ನಲವತ್ಮೂರಾ ಸಾರ್?”

“ಹ್ಞೂಂ. ಎಲ್ಲವನ್ನೂ ನಾನೇ ತಿದ್ದಿದೆ.”

“ನೀವೇ? ಎಂಥಾ ದೊಡ್ಡ ಮನಸ್ಸು ಸಾರ್ ನಿಮ್ಮದು.”

“ಗೋಡೆ ವಿಷಯ ಏನಂದಿದ್ದಾಳೆ?” ಎಂದು ಹೆಂಡತಿ ಕೇಳಿದರು.

“ಈ ಕೋಣೆಯದು ಹಸಿಗೋಡೆಯಂತೆ.”

ಮಾರುವವನು ಆ ಮಾತನ್ನು ಬಾಚಿ ತಬ್ಬಿಕೊಂಡ. “ಹೌದಮ್ಮ, ಹಸಿ. ಹೊಸ ಗಾರೆ ಅಲ್ವಾ. ನಾಲ್ಕು ಬಿಸಿಲು ಕಂಡ್ರೆ ತಾನಾಗೇ ಒಣಗುತ್ತೆ.”

ಹೆಂಡತಿ ಕನ್ನಡಕ ಏರಿಸಿ ವರದಿಯನ್ನು ಕೈಗೆತ್ತಿಕೊಂಡರು. “ಅವಳು ‘ಹುಸಿ’ ಅಂತ ಬರೆದಿದ್ದಾಳಲ್ರೀ.”

“ಕೊಂಬು ಹೆಚ್ಚಾಗಿತ್ತು, ಕಿತ್ತೆ.”

“ಐದು ಕಡೆ ಕಿತ್ತಿದ್ದೀರಿ. ಐದು ಸಲಾನೂ ಕೈತಪ್ಪಿ ಕೊಂಬು ಬೆಳೀತಾ?”

ಹಳಗನ್ನಡದ ‘ಪಸಿ’ ಹಸಿಯಾದ ಬಗೆಯನ್ನೂ ‘ಪುಸಿ’ ಹುಸಿಯಾದ ಬಗೆಯನ್ನೂ ಒಂದು ತಾಸು ವಿವರಿಸಬಲ್ಲ ಕರಡಿಗರಿಗೆ, ಗೋಡೆಯೊಂದು ಸುಳ್ಳಾಡಬಹುದೆಂದು ಹೊಳೆದಿರಲಿಲ್ಲ. ಎಲ್ಲರಿಗೂ ಕೇಳುವಂತೆ ಇಂಜಿನಿಯರಿಗೆ ಫೋನು ಹಚ್ಚಿದರು.

“ಏನಮ್ಮ, ಅದು ಹಸಿಯೋ, ಹುಸಿಯೋ?”

“ಹುಸಿನೇ ಸಾರ್. ಹಲಗೆ ನಿಲ್ಲಿಸಿ ಮೇಲೆ ಗಾರೆ ಬಳಿದಿದ್ದಾರೆ, ಒಳಗೆ ಟೊಳ್ಳು. ನಿಜವಾದ ಗೋಡೆ ಹಿಂದಿದೆ. ಬಿಚ್ಚಿ ನೋಡ್ದೆ ಸಹಿ ಹಾಕ್ಬೇಡಿ ಅಂತ ಅಡಿಗೆರೆ ಎಳೆದಿದ್ನಲ್ಲ, ಓದ್ಲಿಲ್ವಾ?”

“ಇಲ್ಲಮ್ಮ,” ಎಂದರು ಅವರು ತಗ್ಗಿದ ದನಿಯಲ್ಲಿ. “ತಿದ್ದಿದೆ.”

ಎದ್ದುಹೋಗಿ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿದರು. ಖಾಲಿ ಪೆಟ್ಟಿಗೆಯಂತೆ ಅದು ಡಬಡಬನೆ ಉತ್ತರ ಕೊಟ್ಟಿತು.

“ಹಳೇ ಗೋಡೆಗೆ ಚಳಿ ಆಗ್ಬಾರ್ದು ಅಂತ ಒಂದು ಹೊದಿಕೆ, ಅಷ್ಟೇ ಸಾರ್,” ಎಂದ ಮಾರುವವನು.

“ಪಾಪ. ಹೊದಿಕೆ ಒಂಚೂರು ಸರಿಸಪ್ಪ, ಮುಖ ನೋಡ್ತೀವಿ,” ಎಂದರು ಹೆಂಡತಿ.

“ಅದೆಲ್ಲ ಆಗಲ್ಲಮ್ಮ. ಬೇಕಿದ್ರೆ ಸಹಿ ಹಾಕಿ, ಇಲ್ಲಾಂದ್ರೆ ಸಂಜೆಗೇ ಇನ್ನೊಬ್ರು ಬರ್ತಾರೆ.”

ಕರಡಿಗರು ಮರಳಿ ಬಂದು ಕುಳಿತು ಬಾಗಿಲಾಚೆಯ ಆ ಒಂದೇ ಮೆಟ್ಟಿಲನ್ನು ನೋಡಿದರು. ಹೆಂಡತಿಯ ಕಾಲನ್ನು ನೋಡಿದರು. “ನಿನ್ನ ಮಂಡಿ...” ಎಂದು ರಾಗವೆಳೆದರು.

“ಮಂಡಿ ನೋವು ನನ್ನೊಬ್ಬಳದು. ತಲೆ ಮೇಲೆ ಬೀಳೋ ಗೋಡೆ ಇಬ್ಬರದೂ. ಏಳಿ.”

ಏಳುವ ಮುನ್ನ ಕರಡಿಗರು ವರದಿಯನ್ನು ತೊಡೆಯ ಮೇಲಿಟ್ಟುಕೊಂಡು, ಐದು ಕಡೆಯೂ ತಮ್ಮ ಕೆಂಪು ಗೀಟನ್ನು ಹೊಡೆದುಹಾಕಿ, ‘ಮೂಲದಂತೆಯೇ ಇರಲಿ’ ಎಂದು ಅಂಚಿನಲ್ಲಿ ಬರೆದರು. ತಮ್ಮ ತಿದ್ದುಪಡಿಯನ್ನು ತಾವೇ ಹಿಂತೆಗೆದುಕೊಂಡದ್ದು ಅದೇ ಮೊದಲು.

ಫೋನು ಇನ್ನೂ ಚಾಲ್ತಿಯಲ್ಲಿತ್ತು. “ಸಾರ್, ಇನ್ನೊಂದು ಮನೆ ನೋಡಿದ್ರೆ ಹೇಳಿ, ಬರ್ತೀನಿ,” ಎಂದಿತು ಒಳಗಿನ ದನಿ.

“ಖಂಡಿತ ಹೇಳ್ತೀನಮ್ಮ,” ಎಂದರು ಕರಡಿಗರು, ಹೆಂಡತಿಗೆ ತೋಳು ಕೊಡುತ್ತ. “ವರದೀನ ಮಾತ್ರ ನಮ್ಮ ಮನೆಯವರ ಕೈಗೇ ಕೊಡು.”