ಅಕ್ಕ ಬರುವ ಮುಂಚೆ

ಅಕ್ಕನಿಗೆ ಮದುವೆಯಾದದ್ದು ಐವತ್ತೆಂಟನೇ ವಯಸ್ಸಿನಲ್ಲಿ. ಕೇಳಿದವರೆಲ್ಲ ಮೊದಲು ನಕ್ಕರು, ಆಮೇಲೆ ಅವಳ ಮುಖ ನೋಡಿ ನಗು ನುಂಗಿಕೊಂಡರು. ತಮ್ಮ ನಗಲಿಲ್ಲ. ಅಂಗಡಿಯಿಂದ ಬಂದವನು ಚಪ್ಪಲಿ ಬಿಡುತ್ತಾ "ಒಳ್ಳೇದಾಯ್ತು ಬಿಡು" ಅಂದ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವನದು ಮಾರ್ಕೆಟ್ ರಸ್ತೆಯಲ್ಲೊಂದು ಸಣ್ಣ ಕನ್ನಡಕದ ಅಂಗಡಿ. ಬೀದಿಯವರು ಅವನನ್ನೂ 'ಕನ್ನಡಕ' ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ತೀರಿಕೊಂಡಾಗ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಸಾಕಿದ್ದು, ಓದಿಸಿದ್ದು, ಅಂಗಡಿ ಹಾಕಿಸಿಕೊಟ್ಟಿದ್ದು ಎಲ್ಲ ಅಕ್ಕ. ಅವನಿಗೆ ಹೆಣ್ಣು ನೋಡಿದ್ದೂ ಅವಳೇ, ಆದರೆ ಒಂದೂ ಕೂಡಿಬರಲಿಲ್ಲ. ಅವಳಿಗೆ ಗಂಡು ನೋಡಲು ಮಾತ್ರ ಯಾರೂ ಇರಲಿಲ್ಲ. ಹೀಗೆ ಇಬ್ಬರೂ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬೆಳೆದರು, ಅಲ್ಲೇ ತಲೆ ನರೆಸಿಕೊಂಡರು. ಐವತ್ತು ದಾಟಿದ ಮೇಲೂ ಅವಳಿಗೆ ಅವನು 'ಮರಿ'ಯೇ.

ಅಕ್ಕ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಅಲ್ಲಿಗೆ ಕಾಲು ಮುರಿದುಕೊಂಡು ಬಂದ ಒಬ್ಬ ರೈಲ್ವೆ ಗಾರ್ಡು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು, ಹಾಸಿಗೆಯ ಮೇಲೆ ಕಲೆ ಇದೆ ಎಂದು ಪದೇಪದೇ ಬೆಡ್‌ಶೀಟು ವಾಪಸ್ ಕಳಿಸಿದ. "ಯಾವನೋ ಅವನು ಮಹಾರಾಜ, ನಾನೇ ನೋಡ್ತೀನಿ" ಎಂದು ಅಕ್ಕ ಮಹಡಿ ಹತ್ತಿ ವಾರ್ಡಿಗೆ ಹೋದಳು. ಜಗಳಕ್ಕೆ ಹೋದವಳು ಮಾತಿಗೆ ಕೂತಳು. ಅವನ ಕಾಲು ಕೂಡುವ ಹೊತ್ತಿಗೆ ಅವಳ ಮದುವೆಯೂ ಕೂಡಿಬಂತು. ಬಸ್ಸಿನಲ್ಲಿ ಒಂದು ಹಗಲು ದೂರದ ಅವನ ಊರಿಗೆ ಎರಡು ಸೂಟ್‌ಕೇಸು ತೆಗೆದುಕೊಂಡು ಹೊರಟುಹೋದಳು.

ಅದಾಗಿ ಅರ್ಧ ವರ್ಷ. ಮನೆ ಹಾಳು ಬಿದ್ದಿತ್ತು ಎಂದಲ್ಲ. ಯಾರೂ ನೋಡದ ಮನೆಯಾಗಿತ್ತು. ಅವನು ಬೆಳಿಗ್ಗೆ ಎದ್ದು ಹೋಗುತ್ತಿದ್ದ, ಕತ್ತಲಾದ ಮೇಲೆ ಬಂದು ಮಲಗುತ್ತಿದ್ದ. ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟರೆ ಸಂಸಾರ ಮುಗಿಯಿತು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ವರ್ಷದ ಕೊನೆ ರಜೆಗೆ ಬರ್ತೀವಿ ಮರಿ. ಇವರೂ ಬರ್ತಾರೆ. ಹತ್ತು ದಿನ ಇದ್ದು ಹೋಗ್ತೀವಿ."

"ಬನ್ನಿ ಬನ್ನಿ" ಅಂದ. ಫೋನಿಟ್ಟು ಸುತ್ತ ನೋಡಿದ. ಮೊದಲ ಸಲ ಅವಳ ಕಣ್ಣಿನಿಂದ ಮನೆ ನೋಡಿದ. ಫ್ಯಾನಿನ ರೆಕ್ಕೆಯ ಅಂಚಿನಲ್ಲಿ ಕಂಬಳಿ ಹುಳದ ಹಾಗೆ ಧೂಳು ಕೂತಿತ್ತು. ಅಡುಗೆಮನೆ ಕಿಟಕಿಯ ಜಾಲರಿಯಲ್ಲಿ ಜಿಡ್ಡು ತುಂಬಿ ಬೆಳಕೇ ಬರುತ್ತಿರಲಿಲ್ಲ. ಇದನ್ನು ನೋಡಿದರೆ ಅಕ್ಕ ಎಲ್ಲರೆದುರು ಬೈಯುತ್ತಾಳೆ, ಆಮೇಲೆ ಮರೆಯಲ್ಲಿ ಅಳುತ್ತಾಳೆ. 'ನಾನು ಹೋಗಿದ್ದಕ್ಕೇ ಹೀಗಾಯ್ತು' ಅನ್ನುತ್ತಾಳೆ. ಜೊತೆಗೆ ಬರುತ್ತಿರುವವನು ಬೆಡ್‌ಶೀಟಿನಲ್ಲಿ ಕಲೆ ಹುಡುಕಿದ ಮನುಷ್ಯ ಬೇರೆ.

ಮಾರ್ಕೆಟ್ ರಸ್ತೆಯ ಅಂಗಡಿಗಳು ರಜೆಗೆಂದು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು. ಅವನೂ ಶಟರ್ ಎಳೆದು, ಬರುವಾಗ ಸೋಪಿನ ಪುಡಿ, ಸೋಡಾ, ಉಜ್ಜುವ ಬ್ರಷ್ಷು, ಎರಡು ಬಕೆಟ್ಟು ತಂದ. ಹಳೆಯ ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಶುರು ಮಾಡಿದ. ಎಲ್ಲಿಂದ ಶುರು ಮಾಡಬೇಕು ಎಂಬುದೇ ಗೊತ್ತಿರಲಿಲ್ಲ. ಅಕ್ಕನಿಗೇ ಫೋನ್ ಮಾಡಿದ.

"ನೆಲ ಮೊದಲು ಒರೆಸಿದೆ ಅಕ್ಕ. ಆಮೇಲೆ ಫ್ಯಾನ್ ಒರೆಸೋಕೆ ಹತ್ತಿದೆ. ಈಗ ನೆಲ ಮೊದಲಿಗಿಂತ ಗಲೀಜಾಗಿದೆ."

ಆ ಕಡೆಯಿಂದ ಅವಳು ನಕ್ಕ ಸದ್ದು ಕೇಳಿತು. "ಅಯ್ಯೋ ಪೆದ್ದು! ಮೇಲಿಂದ ಕೆಳಗೆ ಬರಬೇಕು ಕಣೋ. ದಿಂಬಿನ ಹಳೇ ಕವರ್ ಇದ್ಯಲ್ಲ, ಅದನ್ನ ಫ್ಯಾನಿನ ರೆಕ್ಕೆಗೆ ಹಾಕಿ ಎಳಿ. ಧೂಳೆಲ್ಲ ಕವರ್ ಒಳಗೇ ಬೀಳುತ್ತೆ. ಆದ್ರೆ ನೀನ್ಯಾಕೆ ಇದೆಲ್ಲ ಮಾಡ್ತಿದ್ದೀಯಾ? ಇರಲಿ ಬಿಡು, ನಾನು..."

"ಸುಮ್ನೆ ಹೊತ್ತು ಹೋಗ್ಬೇಕಲ್ಲ" ಅಂದ. ಅವಳು ಏನು ಹೇಳಲು ಹೊರಟಿದ್ದಳೆಂದು ಕೇಳಲಿಲ್ಲ.

ಆಮೇಲೆ ಪ್ರತಿಯೊಂದಕ್ಕೂ ಫೋನು. ಜಾಲರಿಯ ಜಿಡ್ಡಿಗೆ ಏನು ಹಾಕಲಿ? ಬಚ್ಚಲ ನಲ್ಲಿಯ ಬಿಳಿ ಕಲೆ ಹೋಗುತ್ತಾ? ಉತ್ತರ ಗೊತ್ತಿದ್ದದ್ದನ್ನೂ ಕೇಳಿದ. ಒಂದೊಂದು ಸಲ ಅವಳ ಮಾತಿನ ಹಿಂದೆ ಆ ಮನೆಯ ಸದ್ದು ಕೇಳುತ್ತಿತ್ತು: ಪಾತ್ರೆಯ ಸದ್ದು, ಗಂಡಸಿನ ಕೆಮ್ಮು, ಯಾರೋ ಏನೋ ಕೇಳಿದರೆ ಅವಳು "ಬಂದೆ ಇರಿ" ಅನ್ನುವುದು. ಆಗ ಅವನೇ "ಸರಿ, ಇಡ್ತೀನಿ" ಅನ್ನುತ್ತಿದ್ದ.

ಡಬ್ಬಿಗಳನ್ನೆಲ್ಲ ಬಿಸಿನೀರಿಗೆ ಹಾಕಿ ತೊಳೆದು, ತಾರಸಿಯಲ್ಲಿ ಬೋರಲು ಹಾಕಿದ. ಅವು ಒಣಗುವ ಹೊತ್ತಿಗೆ ಯಾವುದು ಎಲ್ಲಿತ್ತು ಎಂಬುದು ಮರೆತುಹೋಗಿತ್ತು. ತನ್ನ ಎತ್ತರಕ್ಕೆ, ತನ್ನ ಕೈಗೆ ಸಿಗುವ ಹಾಗೆ ಜೋಡಿಸಿಟ್ಟ. ಅಡುಗೆಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಅವನ ಭುಜದೆತ್ತರಕ್ಕೆ ಎಣ್ಣೆಗಪ್ಪಿನ ಕಲೆಯೊಂದಿತ್ತು. ಸೋಡಾ ಕಲಸಿ ಹಚ್ಚಿ, ಉಜ್ಜಿಯೇ ಉಜ್ಜಿದ. ಕಲೆ ಅರ್ಧ ಮಾಸಿದ ಮೇಲೆ ಹೊಳೆಯಿತು: ಅವನು ಊಟ ಮಾಡುವಾಗ ಅಕ್ಕ ದಿನವೂ ಅಲ್ಲೇ ಒರಗಿ ನಿಂತು ಮಾತಾಡುತ್ತಿದ್ದಳು. ಇಷ್ಟು ವರ್ಷ ಅವಳ ತಲೆ ತಾಗಿ ತಾಗಿ ಆದ ಕಲೆ ಅದು. ಕೈ ತಾನಾಗಿ ನಿಂತಿತು. ಆದರೆ ಅರ್ಧಂಬರ್ಧ ಬಿಟ್ಟರೆ ಇನ್ನೂ ಅಸಹ್ಯವಾಗಿ ಕಾಣುತ್ತಿತ್ತು. ಪೂರ್ತಿ ತೆಗೆದ.

ಕೊನೆಗೆ ಉಳಿದದ್ದು ಅಕ್ಕನ ಕೋಣೆಯ ಕಬ್ಬಿಣದ ಬೀರು. ಅದರ ಹಿಂದೆ ಪೊರಕೆ ಹೋಗಿ ಯಾವ ಕಾಲವಾಗಿತ್ತೋ. ಕೋಣೆಯ ಬಾಗಿಲು ಮುಚ್ಚಿಕೊಂಡು, ಬೀರುವನ್ನು ಒಂದು ಮೂಲೆ ಹಿಡಿದು ಎಳೆದ, ಇನ್ನೊಂದು ಮೂಲೆ ಹಿಡಿದು ತಿರುಗಿಸಿದ. ಬಾಗಿಲ ಮುಂದಿನ ನೆಲದ ಕಲ್ಲು ಮೊದಲೇ ಬಿರುಕು ಬಿಟ್ಟಿತ್ತು. ಬೀರುವಿನ ಕಾಲು ಅದರ ಮೇಲೆ ಬಂದದ್ದೇ ತಡ, ಕಲ್ಲು ಒಡೆದು ಕಾಲು ಒಳಗೆ ಕೂತಿತು. ಎಳೆದ, ತಳ್ಳಿದ, ಬೈದ. ಜಪ್ಪಯ್ಯ ಅಂದರೂ ಬೀರು ಕದಲಲಿಲ್ಲ. ಒಳಕ್ಕೆ ತೆರೆಯುವ ಬಾಗಿಲು ಗೇಣಗಲ ತೆರೆದು ನಿಂತುಬಿಟ್ಟಿತು. ಫೋನು ಹೊರಗೆ ಹಾಲ್‌ನಲ್ಲಿತ್ತು.

ಮಂಚದ ಮೇಲೆ ಕೂತ. ಅಂಗಡಿ ರಜೆ, ಯಾರೂ ಹುಡುಕುವುದಿಲ್ಲ. ಅಕ್ಕ ಫೋನ್ ಮಾಡಿದರೆ, ತೆಗೆಯದಿದ್ದರೆ, ಮಲಗಿರಬೇಕು ಅಂದುಕೊಳ್ಳುತ್ತಾಳೆ. ಈ ಊರಲ್ಲಿ ತಾನು ಇವತ್ತು ಕಾಣಲಿಲ್ಲ ಎಂದು ಕೇಳುವ ಒಬ್ಬರಾದರೂ ಇದ್ದಾರಾ ಎಂದು ಯೋಚಿಸಿದ. ಯೋಚನೆ ಮುಂದೆ ಹೋಗಲು ಬಿಡದೆ ಎದ್ದು ಕಿಟಕಿಯಿಂದ ಕೂಗಿದ.

ಕೆಳಗೆ ಅಂಗಳದಲ್ಲಿ ಕೆಳಮನೆಯಾಕೆ ವ್ಯಾನು ತೊಳೆಯುತ್ತಿದ್ದಳು. ಶಾಲೆಯ ವ್ಯಾನು ಓಡಿಸುವ ಹೆಂಗಸು. ಒಗೆದ ಬಟ್ಟೆಯ ನೀರು ವ್ಯಾನಿನ ಮೇಲೆ ಬೀಳುತ್ತದೆಂದು ಅಕ್ಕನಿಗೂ ಅವಳಿಗೂ ಜಗಳವಾಗಿ, ಎರಡು ಮನೆಗೂ ಮಾತು ನಿಂತು ವರ್ಷಗಳೇ ಆಗಿದ್ದವು.

"ಯಾರ್ರೀ ಅದು ಕೂಗ್ತಿರೋದು?"

"ನಾನು, ಮೇಲಿನ ಮನೆ. ಒಳಗೆ ಸಿಕ್ಕಿಹಾಕ್ಕೊಂಡಿದ್ದೀನಿ."

"ಬಾಗಿಲು ಹಾಕ್ಕೊಂಡು ಹೋದವರು ಯಾರು?"

"ಯಾರೂ ಇಲ್ಲ ಕಣ್ರೀ. ಬೀರು ಅಡ್ಡ ನಿಂತಿದೆ!"

ಅವಳು ಒಂದು ಕ್ಷಣ ಮೇಲೆ ನೋಡಿದಳು. ನಲ್ಲಿ ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದಳು. ಚಾಪೆ ಒಣಗಿಸಲೆಂದು ಮುಂಬಾಗಿಲು ತೆರೆದೇ ಇತ್ತು. ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿ, "ಮೊದಲು ಬೀರು ಖಾಲಿ ಮಾಡಿ" ಅಂದಳು.

"ಖಾಲಿನೇ ಇದೆ" ಅಂದ. ಅಕ್ಕ ಹೋದಾಗಿನಿಂದ ಅದರಲ್ಲಿ ಏನೂ ಇರಲಿಲ್ಲ.

ಅವಳು ಕೆಳಗಿಳಿದು ಹೋದಳು. ಕೈಬಿಟ್ಟಳು ಅಂದುಕೊಳ್ಳುವಷ್ಟರಲ್ಲಿ ವ್ಯಾನಿನ ಜ್ಯಾಕ್ ತಂದು ಸಂದಿಯಲ್ಲಿ ತೂರಿಸಿದಳು. "ಬೀರು ಕೆಳಗೆ ಇಟ್ಟು ತಿರುಗಿಸಿ. ಕಾಲು ಮೇಲೆ ಬಂತಾ? ಗುಂಡಿಗೆ ಏನಾದ್ರೂ ಗಟ್ಟಿಯಾದ್ದು ಮುಚ್ಚಿ. ಹಲಗೆ ಇದ್ರೆ ಹಲಗೆ. ಹಾಂ, ಈಗ ಇಳಿಸಿ, ತಳ್ಳಿ." ಬೀರು ಕಿರ್ರೆಂದು ಪಕ್ಕಕ್ಕೆ ಸರಿಯಿತು. ಮೈಯೆಲ್ಲ ಜೇಡರ ಬಲೆ ಮೆತ್ತಿಕೊಂಡು ಅವನು ಹೊರಬಂದ.

ಅವಳು ಹಾಲಿನ ಮಧ್ಯೆ ನಿಂತು ಹೊಳೆಯುತ್ತಿದ್ದ ನೆಲ, ಕಿಟಕಿ ನೋಡಿದಳು. "ಅಕ್ಕ ಬರ್ತಿದ್ದಾರಾ?"

"ಹೂಂ."

"ಮೊದಲೇ ಹೇಳಿ ಮಾರಾಯ್ರೆ. ವ್ಯಾನು ಆ ಕಡೆ ನಿಲ್ಲಿಸ್ತೀನಿ."

ಅವನಿಗೆ ಜೋರಾಗಿ ನಗು ಬಂತು. ಸಾಮಾನೆಲ್ಲ ಸರಿಸಿದ ಮನೆಯಲ್ಲಿ ಆ ನಗು ದೊಡ್ಡದಾಗಿ ಕೇಳಿಸಿ ಅವನೇ ಬೆಚ್ಚಿದ. "ಟೀ ಮಾಡ್ತೀನಿ, ಕುಡಿದು ಹೋಗಿ" ಅಂದ.

"ಇನ್ನೊಂದು ದಿನ. ವ್ಯಾನಿನ ಮಾತು ತಮಾಷೆಗಂದೆ, ಸಂಜೆಗೆ ಅದರಲ್ಲೇ ನಾವೂ ಹೊರಟ್ವಿ, ರಜೆ ಮುಗಿದ ಮೇಲೇ ಬರೋದು" ಎಂದು ಜ್ಯಾಕ್ ಎತ್ತಿಕೊಂಡು ಇಳಿದು ಹೋದಳು. ಸಂಜೆ ವ್ಯಾನು ಹೊರಟ ಸದ್ದು ಕೇಳಿತು. ಆಮೇಲೆ ಇಡೀ ಕಟ್ಟಡದಲ್ಲಿ ಅವನೊಬ್ಬನೇ.

ಅಕ್ಕ ಬಂದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಬಂದಿತ್ತು. ಬಾಗಿಲಲ್ಲೇ ನಿಂತು ಒಳಗೆ ನೋಡಿದಳು. ಫ್ರಿಡ್ಜಿನ ತಲೆಯ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡಳು. ಏನೂ ಹತ್ತಿರಲಿಲ್ಲ.

"ನಿಮ್ಮಕ್ಕನ ಆಸ್ಪತ್ರೆಗಿಂತ ಚೊಕ್ಕಟವಾಗಿದೆಯಲ್ರೀ!" ಎಂದು ಗಾರ್ಡು ಅವನ ಬೆನ್ನು ತಟ್ಟಿದ.

"ಕೂತ್ಕೊಳ್ಳಿ ಭಾವ" ಅಂದ. ಹುಟ್ಟಿದಾಗಿನಿಂದ ಯಾರನ್ನೂ ಹಾಗೆ ಕರೆದಿರಲಿಲ್ಲ. ಮಾತು ಬಾಯಲ್ಲಿ ಹೊಸ ಚಪ್ಪಲಿಯ ಹಾಗೆ ಕಚ್ಚಿತು.

ಅಕ್ಕ ನೇರ ಅಡುಗೆಮನೆಗೆ ಹೋದಳು. ಒಂದು ಡಬ್ಬಿ ತೆಗೆದಳು, ಮುಚ್ಚಿದಳು. ಇನ್ನೊಂದು ತೆಗೆದಳು. ಮೇಲಿನ ಶೆಲ್ಫಿಗೆ ಕೈ ಎಟುಕಲಿಲ್ಲ. "ಚಮಚ ಎಲ್ಲಿಟ್ಟಿದ್ದೀಯೋ?" ಎಂದು ಕೇಳಿದಳು.

"ನೀನು ಕೂತ್ಕೋ ಅಕ್ಕ. ನಾನು ಮಾಡ್ಕೊಂಡು ಬರ್ತೀನಿ."

ಅವಳು ಬಂದು ಹಾಲಿನ ಕುರ್ಚಿಯ ತುದಿಯಲ್ಲಿ ಕೂತಳು, ನೆಂಟರ ಮನೆಗೆ ಬಂದವಳ ಹಾಗೆ, ಕೈ ಮಡಿಲಲ್ಲಿಟ್ಟುಕೊಂಡು. ಅವನು ಟೀ ತಂದುಕೊಟ್ಟ. ಕುಡಿದು "ಚೆನ್ನಾಗಿದೆ" ಅಂದಳು. ಅವನು ಮಾಡಿದ ಟೀಯನ್ನು ಅವಳು ಜನ್ಮದಲ್ಲಿ ಚೆನ್ನಾಗಿದೆ ಅಂದವಳಲ್ಲ.

ಮರುದಿನ ಬೆಳಿಗ್ಗೆ ಅವಳ ಕೋಣೆಗೆ ಟವೆಲ್ ಇಡಲು ಹೋದಾಗ ಸೂಟ್‌ಕೇಸು ತೆರೆದಿತ್ತು. ಒಳಗೆ ಮೇಲುಗಡೆ ಒಳ್ಳೆಯ ಸೀರೆಗಳು ಎರಡೇ. ಕೆಳಗೆ ಮಾಸಿದ ಹಳೆಯ ಸೀರೆಗಳು, ಬೆಡ್‌ಶೀಟು ಹರಿದು ಮಾಡಿದ ಒರೆಸುವ ಬಟ್ಟೆಗಳ ಗಂಟು, ಕೈಗೆ ಹಾಕುವ ರಬ್ಬರ್ ಗ್ಲೌಸು, ಮೂಲೆ ಉಜ್ಜಲು ಹಳೆಯ ಹಲ್ಲುಜ್ಜುವ ಬ್ರಷ್ಷು.

ಹಿಂದೆ ಅಕ್ಕ ನಿಂತಿದ್ದಳು.

"ಇದೇನಕ್ಕಾ?"

"ಏನಿಲ್ಲ. ಮನೆ ಹೇಗಿರುತ್ತೋ ಅಂತ... ಅದಕ್ಕೇ ಹತ್ತು ದಿನ ಅಂದಿದ್ದು. ನಿನ್ನ ಮನೆ ತೊಳೆದುಕೊಟ್ಟು ಹೋಗೋಣ ಅಂತ. ನೀನು ಅರ್ಧಂಬರ್ಧ ಮಾಡಿಟ್ಟಿರ್ತೀಯ ಅಂದ್ಕೊಂಡಿದ್ದೆ." ನಗಲು ನೋಡಿದಳು. "ನನಗೇನೂ ಉಳಿಸೇ ಇಲ್ವಲ್ಲೋ ಮರಿ."

ಆಗ ಅವನು ಹೇಳಬಹುದಿತ್ತು. ಫೋನಿನಲ್ಲಿ ಉತ್ತರ ಗೊತ್ತಿದ್ದೇ ಕೇಳುತ್ತಿದ್ದೆ, ಬೀರುವಿನ ಹಿಂದೆ ಸಿಕ್ಕಿಕೊಂಡಾಗ ಹೆದರಿದೆ, ಭಾನುವಾರ ಬಂದರೆ ಏನು ಮಾಡಬೇಕೋ ತಿಳಿಯುವುದಿಲ್ಲ ಎಂದೆಲ್ಲ ಹೇಳಬಹುದಿತ್ತು. ಕೈಯಲ್ಲಿದ್ದ ಟವೆಲ್ಲನ್ನು ಮಂಚದ ಮೇಲಿಟ್ಟ.

"ಒಬ್ಬನೇ ಇರೋಕೆ ಕಷ್ಟ ಆಗ್ತಿಲ್ಲ ತಾನೆ?" ಎಂದು ಅವಳೇ ಕೇಳಿದಳು.

"ಛೇ, ಏನ್ ಕಷ್ಟ" ಅಂದ.

ಆಮೇಲಿನ ದಿನಗಳು ಮರ್ಯಾದೆಯಿಂದ ಕಳೆದವು. ಮೂವರೂ ಪಾರ್ಕಿಗೆ ಹೋದರು, ಹೋಟೆಲಿನಲ್ಲಿ ಊಟ ಮಾಡಿದರು. ಭಾವ ಒಳ್ಳೆಯ ಮನುಷ್ಯ, ರೈಲಿನ ಕತೆಗಳನ್ನು ಚೆನ್ನಾಗಿ ಹೇಳುತ್ತಿದ್ದ. ಅಕ್ಕ ಕೈಗೆ ಕೆಲಸವಿಲ್ಲದೆ ಒಣಗಿದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಹತ್ತು ದಿನವೆಂದು ಬಂದವರು ನಾಲ್ಕನೇ ದಿನಕ್ಕೇ ಹೊರಟರು. "ಅಲ್ಲೂ ಮನೆ ಹಾಗೇ ಬಿದ್ದಿದೆ ಕಣೋ, ರಜೆ ಮುಗಿಯೋದ್ರೊಳಗೆ ತೊಳೀಬೇಕು" ಅಂದಳು ಅಕ್ಕ.

ಬಸ್ ಸ್ಟ್ಯಾಂಡಿನಲ್ಲಿ ಅವಳು ಸೀಟು ಹಿಡಿಯಲು ಹತ್ತಿದಾಗ ಭಾವ ಅವನ ಭುಜದ ಮೇಲೆ ಕೈ ಹಾಕಿದ. "ನಿಮಗೆ ಥ್ಯಾಂಕ್ಸ್ ಹೇಳಬೇಕು. ಇಷ್ಟು ದಿನ ಅಲ್ಲಿ ಅನ್ನಕ್ಕೆ ಕೂತಾಗೆಲ್ಲ 'ನನ್ನ ತಮ್ಮ ಏನು ತಿಂದನೋ, ಮನೆ ಹೇಗಿದೆಯೋ' ಅಂತಿದ್ಲು. ವಾಪಸ್ ಬಂದುಬಿಡ್ತೀನಿ ಅಂತಾನೂ ಒಂದೆರಡು ಸಲ ಅಂದಿದ್ಲು. ನಿಮ್ಮ ಮನೆ ನೋಡಿದ ಮೇಲೆ ಅವಳ ಮನಸ್ಸು ನಿರಾಳ ಆಯ್ತು ನೋಡಿ."

"ಒಳ್ಳೇದಾಯ್ತು ಭಾವ" ಅಂದ. ಬಸ್ಸು ಹೊರಟಿತು. ಅಕ್ಕ ಕಿಟಕಿಯಿಂದ ಕೈ ಚಾಚಿ ಏನೋ ಹೇಳಿದಳು, ಇಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಅವನು ತಲೆಯಾಡಿಸಿದ.

ಮರುದಿನ ರಜೆ ಇನ್ನೂ ಇತ್ತು. ಆದರೂ ಅಂಗಡಿಯ ಶಟರ್ ಎತ್ತಿದ. ಇಡೀ ಸಾಲಿನಲ್ಲಿ ಅದೊಂದೇ ತೆರೆದಿತ್ತು. ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಪರವೂರಿನ ಹೆಂಗಸೊಬ್ಬಳು ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಬಂದಳು. ಅವನು ಸ್ಕ್ರೂ ಬಿಗಿ ಮಾಡಿ, ಗಾಜು ಒರೆಸಿ, ಅವಳ ಕಿವಿಗೆ ಸರಿಯಾಗಿ ಕೂತಿತೇ ಎಂದು ನೋಡಿದ.

"ಪುಣ್ಯಕ್ಕೆ ನೀವು ತೆಗೆದಿದ್ರಿ" ಅಂದಳು ಅವಳು. "ರಜೆಗೆ ನಿಮ್ಮನೆಗೆ ಯಾರೂ ಬಂದಿಲ್ವಾ?"

"ಬಂದಿದ್ರು. ನಮ್ಮಕ್ಕ, ಭಾವ" ಅಂದ ಅವನು. "ನಿನ್ನೆ ಹೋದ್ರು."