ಹ್ಯಾಂಡಲ್ ಮೇಲಿನ ಭಂಡಾರ

ಜಮಖಂಡಿಯ ನಮ್ಮ ಸೈಕಲ್ ಮಂಡಳಿಯಲ್ಲಿ ಹನ್ನೊಂದು ಮಂದಿ ಸದಸ್ಯರಿದ್ದೇವೆ. ಸೈಕಲ್ ಹೊಡೆಯುವವರು ಒಬ್ಬರೂ ಇಲ್ಲ. ಒಬ್ಬ ಹೆಣ್ಣುಮಗಳು ಇರಬೇಕು, ಅಕ್ಷರವೂ ದುಂಡಗಿರಬೇಕು ಎಂದು, ಶಾಲೆಯಿಂದ ನಿವೃತ್ತಳಾದ ನನ್ನನ್ನು ಠರಾವು ಬರೆಯಲು ಸೇರಿಸಿಕೊಂಡಿದ್ದಾರೆ.

ಗುಡ್ಡದ ಸ್ಪರ್ಧೆಗೆ ಮುಂಚಿನ ಸಭೆಯಲ್ಲಿ ಒಂದೇ ವಿಷಯವಿತ್ತು. ಗುಡ್ಡ ಹತ್ತುವ ಗೇರ್ ಸೈಕಲ್ಲಿನ ಹ್ಯಾಂಡಲ್ ಮೇಲೆ, ಈಗ ಎಷ್ಟನೇ ಗೇರ್ ಎಂದು ತೋರಿಸುವ ಸೂಚಕ ಬೇಕೋ ಬೇಡವೋ. ಹೆಬ್ಬೆರಳ ಉಗುರಿನಷ್ಟು ಪ್ಲಾಸ್ಟಿಕ್ ಕಿಟಕಿ, ಒಳಗೆ ಕೆಲವು ಅಂಕಿ, ಒಂದು ಕೆಂಪು ಕಡ್ಡಿ, ಅಷ್ಟೆ. ಅದರ ಮೇಲೆ ಎರಡು ತಾಸು ಚರ್ಚೆ ನಡೆಯಿತು. ಎರಡು ಸಲ ಚಹಾ, ಒಂದು ಸಲ ಚುರುಮುರಿ ಬಂತು.

ಅಧ್ಯಕ್ಷರಾದ ಅಣ್ಣಾಸಾಹೇಬರು ಅದೇ ವಾರ ಮೊಮ್ಮಗನಿಗೆ ಅಂಥದೊಂದು ಸೈಕಲ್ ತಂದಿದ್ದರು.

"ನಾ ಖುದ್ದ ಹತ್ತಿ ನೋಡೇನಿ. ನಂಬರ್ ಕಾಣಲಾರದ ಗೇರ್ ಹಾಕೂದಂದ್ರ ಕಣ್ಣ ಕಟಗೊಂಡು ಬಾಂವಿ ಇಳದಂಗ" ಎಂದರು.

"ಹತ್ತಿ ಎಷ್ಟ ದೂರ ಹೋಗಿದ್ರಿ ಸಾಹೇಬ್ರ?" ಎಂದು ಕಿರಾಣಿ ಅಂಗಡಿಯ ಗಿರಮಲ್ಲಪ್ಪ ಕೇಳಿದ.

"ಸ್ಟ್ಯಾಂಡ್ ಹಾಕಿತ್ತಪಾ ಅದಕ್ಕ."

"ನಂಬರ್ ನೋಡಕೋಂತ ಹೊಂಟ್ರ ಮುಂದಿನ ತಗ್ಗ ಯಾರ ನೋಡಬೇಕ್ರಿ?"

"ತಗ್ಗಿನ ವಿಷಯ ಇವತ್ತಿನ ಪಟ್ಟ್ಯಾಗ ಇಲ್ಲ."

ಹೀಗೆ ಠರಾವಾಯಿತು: ಸುಸ್ಥಿತಿಯ ಸೂಚಕವಿಲ್ಲದ ಸೈಕಲ್ಲಿಗೆ ಪ್ರವೇಶವಿಲ್ಲ. ನಾನೇ ದುಂಡಗೆ ಬರೆದೆ. ಅದರ ಪ್ರತಿಯನ್ನು ಊರೂರಿಗೆ ಹಚ್ಚಿದರು.

ನಾಲ್ಕನೆಯ ದಿನ ಚಿಕ್ಕಪಡಸಲಗಿಯ ಕಡೆಯಿಂದ ಹೊಳೆವ್ವ ಎಂಬ ಅಜ್ಜಿ ಮೊಮ್ಮಗಳು ವೈಶಾಲಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಕುರಿ ಸಾಕುವ ಮನೆತನ. ಹುಡುಗಿ ಯಾರೋ ಹೊಡೆದು ಬಿಟ್ಟ ಹಳೆಯ ಗೇರ್ ಸೈಕಲ್ಲಿನ ಮೇಲೆ ಎರಡು ವರ್ಷ ಗುಡ್ಡ ಹತ್ತಿ ಇಳಿದಿದ್ದಳು. ಹುಡುಗಿಯರಲ್ಲಿ ಮೊದಲು ಬಂದ ಮೂವರಿಗೆ ಕ್ರೀಡಾ ವಸತಿ ನಿಲಯದ ಆಯ್ಕೆ ಪರೀಕ್ಷೆಗೆ ಹೋಗಲು ಸಿಗುತ್ತದೆ. ವಯಸ್ಸಿನ ಲೆಕ್ಕಕ್ಕೆ ವೈಶಾಲಿಗೆ ಇದೇ ಕೊನೆಯ ವರ್ಷ. ಅವಳ ಸೈಕಲ್ಲಿನ ಸೂಚಕ ಇರಬೇಕಾದಲ್ಲಿ ಒಂದು ತೂತು ಇತ್ತು.

"ನಮ್ಮ ಟಗರ ಹಾದು ಒಡೀತ್ರಿ ಅಕ್ಕಾರ. ಅದಕ್ಕೇನ್ ನಿಮ್ಮ ಠರಾವು ಗೊತ್ತೈತೇನ್ರಿ?" ಎಂದಳು ಹೊಳೆವ್ವ.

ಗೇರ್ ಮಾತ್ರ ಸರಿಯಾಗಿ ಬೀಳುತ್ತಿದ್ದವು. ಹೊಸ ಸೂಚಕ ಬೇಕೆಂದರೆ ಪುಣೆಯಿಂದ ತರಿಸಬೇಕು, ತಿಂಗಳಾಗುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಸ್ಪರ್ಧೆಗೆ ಆರು ದಿನ ಉಳಿದಿತ್ತು. ಹೋಗುವಾಗ ಹುಡುಗಿ ನಮ್ಮ ಗೇಟು ಕಿರ್ರ್ ಎಂದದ್ದು ಕೇಳಿ ನಿಂತಳು. ಚೀಲದಿಂದ ಚೈನಿನ ಎಣ್ಣೆ ತೆಗೆದು ಎರಡು ಹನಿ ತಿರುಗಣಿಗೆ ಬಿಟ್ಟು ಹೋದಳು.

ಅಂದಿನಿಂದ ಗೇಟು ಸದ್ದು ಮಾಡಲಿಲ್ಲ. ಆ ಸದ್ದಿಲ್ಲದ ಗೇಟು ನನಗೆ ಬಹಳ ತ್ರಾಸು ಕೊಟ್ಟಿತು. ಅಣ್ಣಾಸಾಹೇಬರಿಗೆ ಫೋನ್ ಮಾಡಿದೆ.

"ಇವತ್ತ ಇಕಿಗೆ ಬಿಟ್ರ ನಾಳಿ ಬ್ರೇಕ್ ಇಲ್ಲದವರೂ ಬರ್ತಾರ್ರಿ ಅಕ್ಕಾರ. ಠರಾವು ಅಂದ್ರ ಠರಾವು" ಎಂದರು.

ಸ್ಪರ್ಧೆಯ ದಿನ ನಸುಕಿನಲ್ಲೇ ಗುಡ್ಡದ ಬುಡದಲ್ಲಿ ನಲವತ್ತು ಸೈಕಲ್ಲು ಸಾಲಾಗಿ ನಿಂತಿದ್ದವು. ಮುಧೋಳ, ಬೀಳಗಿ, ರಬಕವಿಯಿಂದೆಲ್ಲ ಮಕ್ಕಳು ಬಂದಿದ್ದರು. ವೈಶಾಲಿಯೂ ಅದೇ ತೂತಿನ ಸೈಕಲ್ಲು ಹಿಡಿದು ಕೊನೆಯಲ್ಲಿ ನಿಂತಿದ್ದಳು. ತಾಂತ್ರಿಕ ತಪಾಸಣೆಗೆ ನೇಮಿಸಿದ್ದ ನಮ್ಮ ಮಂಡಳಿಯ ಹಾಲೇಶ ಪಟ್ಟಿ ಹಿಡಿದು ಮೊದಲ ಸೈಕಲ್ಲಿಗೆ ಬಗ್ಗಿದ.

"ಏ, ತಡೀಪಾ! ಪೂಜಾ ಆಗಲಾರದ ಗಾಡಿಗೆ ಕೈ ಹಚ್ಚತಾರೇನು?" ಎಂದು ಅಣ್ಣಾಸಾಹೇಬರು ಕೂಗಿದರು.

ಅದೂ ನಮ್ಮಲ್ಲಿ ಠರಾವಿಲ್ಲದೆ ನಡೆಯುವ ನಿಯಮ. ಬೀರೇಶ್ವರನ ಗುಡಿಯ ಪೂಜಾರಿ ಸಾಬಣ್ಣ ಭಂಡಾರದ ಚೀಲ ಹೆಗಲಿಗೇರಿಸಿ ಬಂದ. ಪ್ರತಿ ಹ್ಯಾಂಡಲ್ಲಿಗೂ ಒಂದು ಚೆಂಡುಹೂವಿನ ಮಾಲೆ, ಎಡಕ್ಕೊಂದು ಬಲಕ್ಕೊಂದು ಹಿಡಿ ಭಂಡಾರದ ಅರಿಶಿಣ ಪುಡಿ. ಸಾಬಣ್ಣನ ಕೈ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ರಾತ್ರಿಯ ಇಬ್ಬನಿ ಆರಿರಲಿಲ್ಲ, ಭಂಡಾರ ಮೆತ್ತಿದ ಹಾಗೆ ಅಂಟಿಕೊಂಡಿತು. ನಲವತ್ತು ಸೈಕಲ್ಲಿನಲ್ಲಿ ಒಂದು ಅಂಕಿಯೂ ಕಾಣದಾಯಿತು.

ಹಾಲೇಶ ಕರವಸ್ತ್ರ ತೆಗೆದ.

"ಯಪ್ಪಾ, ದೇವರ ಭಂಡಾರ ಒರಸ್ತೀಯೇನೋ!" ಎಂದು ಹೊಳೆವ್ವ ಚೀರಿದಳು.

ಎಲ್ಲರೂ ಅಣ್ಣಾಸಾಹೇಬರ ಮುಖ ನೋಡಿದರು. ಅವರ ಹಣೆಯ ಮೇಲೂ ಭಂಡಾರವೇ ಇತ್ತು.

"ಒರಸೂ ಹಂಗಿಲ್ಲ" ಎಂದರು.

"ಮತ್ತ ಹೆಂಗ ತಪಾಸ ಮಾಡ್ಲಿರಿ?"

"ಬೆರಳ ಮುಟ್ಟಿಸಿ ನೋಡಪಾ. ಕಣ್ಣಿಲ್ಲದವರು ನೋಟು ತಪಾಸ ಮಾಡಂಗಿಲ್ಲೇನು?"

ಹಾಲೇಶ ಒಂದೊಂದೇ ಮಾಲೆಯ ಕೆಳಗೆ ಬೆರಳಾಡಿಸಿ 'ಇದೆ', 'ಇದೆ' ಎಂದು ಬರೆಯುತ್ತ ಬಂದ. ಪಟ್ಟಿಯ ಇನ್ನೊಂದು ತುದಿ ಹಿಡಿದು ನಾನೂ ಜೊತೆಗಿದ್ದೆ. ವೈಶಾಲಿಯ ಸೈಕಲ್ಲಿನ ಹತ್ತಿರ ಅವನ ಬೆರಳು ತೂತಿನೊಳಗೆ ಇಳಿಯಿತು. ಅಲ್ಲೇ ನಿಂತ. ಹುಡುಗಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಬೆರಳು ತೆಗೆದು, ಅದಕ್ಕಂಟಿದ ಭಂಡಾರವನ್ನು ತನ್ನ ಹಣೆಗೆ ಹಚ್ಚಿಕೊಂಡು 'ಇದೆ' ಎಂದು ಬರೆದ. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ.

ಸ್ಪರ್ಧೆ ನಡೆಯಿತು. ನಂಬರ್ ನೋಡಿ ರೂಢಿಯಾದ ಮಕ್ಕಳು ಗುಡ್ಡದ ನಡುವೆ ಅರಿಶಿಣದೊಳಗೆ ಇಣುಕುತ್ತ ತಡವರಿಸಿದರು. ವೈಶಾಲಿಗೆ ಇಣುಕಲು ಏನೂ ಇರಲಿಲ್ಲ. ಹುಡುಗಿಯರಲ್ಲಿ ಎರಡನೆಯವಳಾಗಿ ಬಂದಳು. ಹೊಳೆವ್ವ ಅವಳನ್ನು ಬಿಟ್ಟು ಮೊದಲು ಸೈಕಲ್ಲಿನ ಸೀಟು ಸವರಿದಳು.

ಬಹುಮಾನ ಕೊಡುವಾಗ ಅಣ್ಣಾಸಾಹೇಬರು ಮೈಕಿನಲ್ಲಿ ಕೇಳಿದರು: "ಗುಡ್ಡಾ ಏರೂವಾಗ ಎಷ್ಟನೇ ಗೇರಿನ್ಯಾಗ ಇದ್ದಿ, ತಂಗಿ?"

"ಗೊತ್ತಿಲ್ರಿ. ಕಾಲ ಉರದ್ರ ಒಂದ ಇಳಿಸ್ತಿದ್ನಿ, ಹಗರಾದ್ರ ಒಂದ ಏರಿಸ್ತಿದ್ನಿ."

"ನೋಡ್ರಿ!" ಅಣ್ಣಾಸಾಹೇಬರು ಜನರ ಕಡೆ ತಿರುಗಿದರು. "ಸೂಚಕ ನೋಡಿ ನೋಡಿ ಎಷ್ಟ ಛಲೋ ರೂಢಿ ಆಗೇತಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಮಲ್ಲಪ್ಪನೂ ತಟ್ಟಿದ.

ಮುಂದಿನ ಸಭೆಯಲ್ಲಿ, ಸೂಚಕದಿಂದಾಗಿ ಸ್ಪರ್ಧೆ ಸುಸೂತ್ರವಾಗಿ ನಡೆಯಿತೆಂದೂ, ಬರುವ ವರ್ಷವೂ ಅದು ಕಡ್ಡಾಯವೆಂದೂ ಠರಾವಾಯಿತು. ಬರೆದು ಮುಗಿಸಿದ ಮೇಲೆ, ನನ್ನದೂ ಒಂದು ಸೂಚನೆ ಇದೆ ಎಂದೆ. ಹತ್ತು ವರ್ಷದಲ್ಲಿ ನಾನು ಸೂಚನೆ ಕೊಟ್ಟದ್ದು ಅದೇ ಮೊದಲು.

"ಹೇಳ್ರಿ ಅಕ್ಕಾರ."

"ತಪಾಸಣಿ ಯಾವತ್ತೂ ಪೂಜಾ ಆದ ಮ್ಯಾಲೇ ಆಗಬೇಕ್ರಿ."

"ಭಾಳ ಛಲೋ ವಿಚಾರ" ಎಂದರು ಅಣ್ಣಾಸಾಹೇಬರು. ಅನುಮೋದನೆಗೆ ಮೊದಲು ಕೈ ಎತ್ತಿದವನು ಹಾಲೇಶ.